ಪೂರ್ತಿ ವಿಳಾಸದ ಸಾಹೇಬರು

ಕಾಗದವನ್ನು ಕೆಳಗಿನಿಂದ ಮೇಲಕ್ಕೆ ಓದುವ ಮನುಷ್ಯನನ್ನು ನೀವು ನೋಡಿರಲಿಕ್ಕಿಲ್ಲ. ನಮ್ಮ ಸಾಹೇಬರು ಓದುತ್ತಿದ್ದದ್ದೇ ಹಾಗೆ. ಪರವಾನಗಿ ಕಚೇರಿಯ ಅರ್ಜಿ ವಿಭಾಗಕ್ಕೆ ಗುಮಾಸ್ತರಾಗಿ ಸೇರಿ ಅದೇ ವಿಭಾಗದ ಮೇಲ್ವಿಚಾರಕರಾಗಿ ನಿವೃತ್ತರಾಗುವವರೆಗೂ ಅವರ ಮೇಜಿಗೆ ಬಂದ ಲಕೋಟೆಗಳಿಗೆಲ್ಲ ಒಂದೇ ಸಂಸ್ಕಾರ. ಕತ್ತರಿಸಬೇಕು, ಕಾಗದ ಬಿಡಿಸಬೇಕು, ಮೊದಲು ಅದರ ಅಡಿಯನ್ನು ನೋಡಬೇಕು. ಅಲ್ಲಿ ಹೆಸರು, ಸಹಿ, ಪೂರ್ತಿ ವಿಳಾಸ ಮೂರೂ ಇದ್ದರೆ ಕಣ್ಣು ಮೇಲಕ್ಕೆ ಹತ್ತುತ್ತಿತ್ತು. ಇಲ್ಲವಾದರೆ ಅದು ಮೂಗರ್ಜಿ. ಹೆಸರಿಲ್ಲದ ಅರ್ಜಿಯ ಮೇಲೆ ಕ್ರಮ ತೆಗೆದುಕೊಳ್ಳಬೇಕಾಗಿಲ್ಲ ಎಂದು ಕಚೇರಿಯ ನಿಯಮ ಹೇಳುತ್ತಿತ್ತು. ಅದನ್ನು ಓದಲೇಬಾರದು ಎಂಬುದು ಮಾತ್ರ ಸಾಹೇಬರ ಸ್ವಂತ ಸೇರ್ಪಡೆ. ನಾಲ್ಕು ಚೂರು ಮಾಡಿ ಕಾಲಬುಡದ ಬುಟ್ಟಿಗೆ ಹಾಕಿ, ಕೈ ಒರೆಸಿಕೊಂಡು ಮುಂದಿನ ಲಕೋಟೆಗೆ ಕತ್ತರಿ ಇಡುತ್ತಿದ್ದರು.

ಬೀಳ್ಕೊಡುಗೆಯ ದಿನ ಎದೆ ಸೆಟೆಸಿ ಹೇಳಿದರು: "ಇಷ್ಟು ವರ್ಷದ ಸರ್ವೀಸಿನಲ್ಲಿ ಒಂದೇ ಒಂದು ಮೂಗರ್ಜಿ ಓದಿದವನಲ್ಲ ನಾನು." ಸಹೋದ್ಯೋಗಿಗಳು ಚಪ್ಪಾಳೆ ತಟ್ಟಿದರು. ಆ ಬುಟ್ಟಿಯಲ್ಲಿ ಏನೇನು ಹೋಯಿತೋ, ಯಾವ ಕಟ್ಟಡದ ಮೆಟ್ಟಿಲು ಅಲುಗಾಡುತ್ತಿದೆಯೆಂದು ಯಾರು ಹೆದರಿ ಹೆದರಿ ಬರೆದಿದ್ದರೋ, ದೇವರಿಗೇ ಗೊತ್ತು. ಚಪ್ಪಾಳೆಯ ಸದ್ದಿನಲ್ಲಿ ಅದೆಲ್ಲ ಯಾರಿಗೆ ಬೇಕು! "ಪೂರ್ತಿ ವಿಳಾಸದ ಸಾಹೇಬರು" ಎಂಬ ಅಡ್ಡಹೆಸರನ್ನು ಕಚೇರಿಯ ಜವಾನ ಇಟ್ಟದ್ದು. ಸಾಹೇಬರು ಅದನ್ನು ಬಿರುದೆಂದೇ ತಿಳಿದಿದ್ದರು.

ಮನೆಯಲ್ಲೂ ಅದೇ ದರ್ಬಾರು. ಹೆಂಡತಿ ಹಾಲು, ಸೋಪು, ಬಲ್ಬು ಎಂದು ಚೀಟಿ ಬರೆದುಕೊಟ್ಟರೆ ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಸಹಿ ಎಲ್ಲಿ?" ಎನ್ನುವರು. ಆಕೆಯೇನು ಕಮ್ಮಿ ಬಾಯಿಯವಳಲ್ಲ. "ಬಲ್ಬ್ ಇಲ್ದೆ ಕತ್ತಲಲ್ಲಿ ಕೂತಾಗ ಯಾರು ಬರೆದಿದ್ದು ಅಂತ ಗೊತ್ತಾಗುತ್ತೆ, ಹೋಗಿಬನ್ನಿ" ಎಂದು ಚೀಲ ಕೈಗೆ ತುರುಕುವಳು.

ನಿವೃತ್ತರಾದವರಿಗೆ ಹೊತ್ತು ಹೋಗಬೇಕಲ್ಲ. ಬಡಾವಣೆಯ ಔಷಧಿ ಅಂಗಡಿಯವರು ಇಂಟರ್ನೆಟ್ಟಿನಲ್ಲಿ ಒಂದು ಚರ್ಚಾ ಗುಂಪು ನಡೆಸುತ್ತಿದ್ದರು. ಯಾವ ನಲ್ಲಿ ರಿಪೇರಿಯವನು ಮೋಸಗಾರ, ಯಾವ ಅಂಗಡಿಯಲ್ಲಿ ಹಳಸಲು ಬ್ರೆಡ್ಡು ಮಾರುತ್ತಾರೆ, ಯಾವ ಶಾಲೆಯ ಬಸ್ಸಿಗೆ ಬ್ರೇಕಿಲ್ಲ ಎಂಬುದೆಲ್ಲ ಅಲ್ಲಿ ಬಯಲಾಗುತ್ತಿತ್ತು. ಬರೆಯುವವರ ಹೆಸರುಗಳೋ, ಕೇಳುವುದೇ ಬೇಡ. ಹಳೇ ಸ್ಕೂಟರು, ಮಹಡಿ ಬೆಕ್ಕು, ನಿದ್ದೆಗೇಡಿ, ಮೊಂಡ ಚಾಕು. ಜಗಳ ಜೋರಾಗಿಯೇ ಇರುತ್ತಿತ್ತು. ಆದರೆ ಮಹಡಿ ಬೆಕ್ಕು ಬರೆದ ಮೇಲೆ ಆ ಬಸ್ಸಿಗೆ ಬ್ರೇಕು ಬಂದದ್ದೂ ನಿಜ.

ಸಾಹೇಬರು ಗುಂಪಿಗೆ ಸೇರಿದ ದಿನವೇ ಸಿಡಿಮಿಡಿಗೊಂಡರು. ಬೆಕ್ಕು ಬರೆಯುವುದೆಂದರೇನು, ಸ್ಕೂಟರು ಅಭಿಪ್ರಾಯ ಕೊಡುವುದೆಂದರೇನು! ಅವರು ತಮ್ಮ ಮೊದಲನೆಯ ಬರಹದಲ್ಲಿ ಬೀದಿದೀಪದ ಬಗ್ಗೆ ಒಂದೂವರೆ ಸಾಲು ಬರೆದು, ಅದರ ಕೆಳಗೆ ಏಳು ಸಾಲಿನ ಸಹಿ ಹಾಕಿದರು. ತಮ್ಮ ಹೆಸರು, ತಂದೆಯ ಹೆಸರು, ನಿವೃತ್ತ ಹುದ್ದೆ, ಮನೆ ನಂಬರು, ಅಡ್ಡರಸ್ತೆ, ದೂರವಾಣಿ, ಕೊನೆಗೆ ಇಮೇಲ್ ವಿಳಾಸ. ಆ ಇಮೇಲ್ ವಿಳಾಸವೇ ಒಂದು ಮೆರವಣಿಗೆ. ತಮ್ಮ ಹೆಸರು ಮುಗಿದು, ಒಂದು ಚುಕ್ಕೆ ಬಂದು, ಅಪ್ಪನ ಹೆಸರು ಮುಗಿದು, ಕೆಳಗೊಂದು ಗೀಟು ಬಂದು, ಹುಟ್ಟಿದ ಇಸವಿ ಮುಗಿಯುವ ಹೊತ್ತಿಗೆ ಬರೆದುಕೊಳ್ಳುವವನ ಪೆನ್ನಿನ ಶಾಯಿ ಮುಗಿದಿರುತ್ತಿತ್ತು. ಅದನ್ನು ಒಂದೇ ಉಸಿರಿನಲ್ಲಿ ಹೇಳಬಲ್ಲವರು ಜಗತ್ತಿನಲ್ಲಿ ಅವರೊಬ್ಬರೇ.

ಎಲ್ಲೆಂದರಲ್ಲಿ ಇಮೇಲ್ ಹಂಚಿದ್ದಕ್ಕೆ ಫಲವೂ ಸಿಕ್ಕಿತು. ಕಂಡು ಕೇಳರಿಯದ ದೇಶಗಳಿಂದ ಅವರಿಗೆ ಲಾಟರಿ ಹೊಡೆಯತೊಡಗಿತು. ಬೋಳು ತಲೆಗೆ ಎಣ್ಣೆ, ಮೊಣಕಾಲಿಗೆ ಪಟ್ಟಿ, ಗಂಡನನ್ನು ಕಳೆದುಕೊಂಡ ರಾಜಕುಮಾರಿಯ ಆಸ್ತಿ, ಎಲ್ಲವೂ ಅವರ ಬಾಗಿಲಿಗೇ ಬಂದವು. ಸಾಹೇಬರು ಒಬ್ಬೊಬ್ಬರಿಗೂ ಉತ್ತರ ಬರೆದು ಪೂರ್ತಿ ಹೆಸರು, ವಿಳಾಸ ಕೇಳಿದರು. ತಮಾಷೆಯೆಂದರೆ, ಅವರೆಲ್ಲ ಕೊಟ್ಟರು! ಹುದ್ದೆ, ಮಹಡಿ, ಕೋಣೆ ನಂಬರು, ತಾಯಿಯ ಹೆಸರು ಸಮೇತ ಕೊಟ್ಟರು. ಕಳ್ಳನಷ್ಟು ಅಚ್ಚುಕಟ್ಟಾಗಿ ವಿಳಾಸ ಬರೆಯುವವನು ಇನ್ನೊಬ್ಬನಿಲ್ಲ ಎಂಬುದು ಅಲ್ಲಿಗೇ ಅವರಿಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ. "ನೋಡು, ಹೊರದೇಶದವರು ಎಷ್ಟು ನೇರ" ಎಂದು ಹೆಂಡತಿಗೆ ಹೇಳಿದರು. ಪುಣ್ಯಕ್ಕೆ ಬ್ಯಾಂಕಿನ ಪುಸ್ತಕ ಆಕೆಯ ಬೀರುವಿನಲ್ಲಿತ್ತು.

ಔಷಧಿ ಅಂಗಡಿಯವರಿಗೆ ಗುಂಪಿನ ಜಗಳ ಬಿಡಿಸಿ ಬಿಡಿಸಿ ಸಾಕಾಗಿತ್ತು. ಸಾಹೇಬರು ಬಿಡುವಾಗಿದ್ದಾರೆಂದು ಗುಂಪಿನ ಯಜಮಾನಿಕೆಯನ್ನು ಅವರ ತಲೆಗೆ ಕಟ್ಟಿದರು. ಕಟ್ಟುವಾಗ ಒಂದು ಮಾತು ಹೇಳಿದರು: "ಸೇರುವಾಗ ಎಲ್ಲರೂ ಇಮೇಲ್ ಕೊಟ್ಟಿರ್ತಾರೆ ಸಾರ್. ಅದು ಯಜಮಾನನಿಗೆ ಮಾತ್ರ ಕಾಣುತ್ತೆ. ಅಪ್ಪಿತಪ್ಪಿಯೂ ಹೊರಗೆ ಬಿಡಬೇಡಿ." ಸಾಹೇಬರು ತಲೆಯಾಡಿಸಿದರು. ಆದರೆ ಅವರ ಕಿವಿಗೆ ಬಿದ್ದದ್ದು 'ಯಜಮಾನ' ಎಂಬುದೊಂದೇ.

ಮಾರನೆಯ ದಿನವೇ ಹೊಸ ಕಾನೂನು. ಇನ್ನು ಮುಂದೆ ಬರಹಗಳೆಲ್ಲ ಮೊದಲು ಸಾಹೇಬರಿಗೆ ಬರಬೇಕು. ಕೆಳಗೆ ನಿಜವಾದ ಹೆಸರು, ಮನೆ ನಂಬರು, ಇಮೇಲ್ ವಿಳಾಸ ಇದ್ದರೆ ಒಳಕ್ಕೆ, ಇಲ್ಲದಿದ್ದರೆ ಕಸಕ್ಕೆ. "ಹೆಸರು ಹೇಳಲು ಹೆದರುವವನು ಹೇಡಿ" ಎಂದು ಗುಂಪಿನ ತಲೆಬರಹದಲ್ಲೇ ಕೆತ್ತಿಸಿದರು.

ಗುಂಪು ತಣ್ಣಗಾಯಿತು. ಬೆಕ್ಕು ಓಡಿಹೋಯಿತು, ಸ್ಕೂಟರು ಕೆಟ್ಟು ನಿಂತಿತು. ಅಂಗಡಿಯವನ ಎದುರು ಮನೆಯಲ್ಲಿದ್ದುಕೊಂಡು, ಹೆಸರು ನಂಬರು ಹಾಕಿ, ನಿನ್ನ ಬ್ರೆಡ್ಡು ಹಳಸಲು ಎಂದು ಬರೆಯುವ ಗಂಡೆದೆ ಎಷ್ಟು ಜನಕ್ಕಿದೆ ಹೇಳಿ. ನಿಜವಾದ ಹೆಸರಿನಲ್ಲಿ ಜನ ಹೊಗಳುತ್ತಾರೆ, ಶುಭ ಕೋರುತ್ತಾರೆ, ಹೂವಿನ ಚಿತ್ರ ಕಳಿಸುತ್ತಾರೆ. ಸಾಹೇಬರು ಆ ಹೂಗಳನ್ನು ನೋಡಿ, "ಈಗ ಗುಂಪು ಎಷ್ಟು ಸಭ್ಯವಾಗಿದೆ!" ಎಂದು ಹಿಗ್ಗಿದರು.

ಈ ನಡುವೆ ಹೆಂಡತಿಯ ಕಾಲಿಗೆ ಹೊಸ ಚಪ್ಪಲಿ ಕಚ್ಚಿ, ಹೆಬ್ಬೆರಳ ಪಕ್ಕದಲ್ಲಿ ಸಣ್ಣ ಗಾಯವಾಯಿತು. ಸಣ್ಣದಾಗಿಯೇ ಇದ್ದು ವಾಸಿಯಾಗಬೇಕಾದದ್ದು, ವಾಸಿಯಾಗಲಿಲ್ಲ. ಆಕೆಗೆ ಬಾಯಾರಿಕೆ ಹೆಚ್ಚಾಯಿತು, ಮೆಟ್ಟಿಲು ಹತ್ತಿದರೆ ಸುಸ್ತು. ಸಾಹೇಬರು ಬೀದಿಯ ಮೂಲೆಯಲ್ಲಿದ್ದ ರಕ್ತಪರೀಕ್ಷೆಯ ಲ್ಯಾಬಿಗೆ ಕರೆದುಕೊಂಡು ಹೋದರು. ಅಲ್ಲಿ ರಕ್ತ ತೆಗೆಯುವವರು, ಟೈಪು ಮಾಡುವವರು ಎಲ್ಲ ಹುಡುಗಿಯರೇ. ಸಂಜೆ ವರದಿ ಬಂತು. ಸಾಹೇಬರು ಎಂದಿನಂತೆ ಕೆಳಗೆ ನೋಡಿದರು. ಆಹಾ! ತಜ್ಞರ ಹೆಸರು, ಹೆಸರಿಗಿಂತ ಉದ್ದದ ಪದವಿಗಳು, ನೋಂದಣಿ ಸಂಖ್ಯೆ, ಸೀಲು, ಸಹಿ, ಫೋನು, ಇಮೇಲು. ಒಂದಕ್ಷರ ಕೊರತೆಯಿಲ್ಲ. ಮೇಲೆ, ಸಕ್ಕರೆ ಸರಿಯಾಗಿದೆ, ಎಲ್ಲವೂ ಸರಿಯಾಗಿದೆ ಎಂದಿತ್ತು.

"ಏನೂ ಇಲ್ಲ ನಿಂಗೆ. ಸುಮ್ನೆ ಮನಸ್ಸಿಗೆ ಹಚ್ಕೊಂಡಿದೀಯ."

"ಮನಸ್ಸಿಗಲ್ಲ ರೀ, ಬೆರಳಿಗೆ."

"ವರದೀಲಿ ಇಲ್ವಲ್ಲ!"

"ನನ್ನ ಬೆರಳು ವರದಿ ಓದಿಲ್ಲ, ಏನ್ಮಾಡ್ಲಿ" ಎಂದು ಆಕೆ ಕುಂಟುತ್ತ ಒಳಗೆ ಹೋದಳು.

ಸಾಹೇಬರು ಗುಂಪಿನಲ್ಲಿ ಲ್ಯಾಬನ್ನು ಹೊಗಳಿ ಬರೆದು, ಏಳು ಸಾಲಿನ ಸಹಿ ಹಾಕಿದರು. ಹಿಂದೆಯೇ ಇನ್ನೂ ಹದಿನೈದು ಹೊಗಳಿಕೆಗಳು ಬಂದವು. ಎಲ್ಲಕ್ಕೂ ಪೂರ್ತಿ ಹೆಸರು, ಮನೆ ನಂಬರು, ಇಮೇಲು. ಸಾಹೇಬರು ಕಣ್ಣು ಮುಚ್ಚಿ ಒಳಗೆ ಬಿಟ್ಟರು.

ಹದಿನಾರನೆಯದು ಬೇರೆ ಥರದ್ದು. ಅಡಿಯಲ್ಲಿ ಎರಡೇ ಅಕ್ಷರ: ಸೂಜಿ. ಮನೆ ನಂಬರಿಲ್ಲ, ಏನೂ ಇಲ್ಲ. ಸಾಹೇಬರ ಬೆರಳು ಕಸದ ಬುಟ್ಟಿಯ ಗುರುತಿನ ಮೇಲೆ ಬಿತ್ತು. ಅವರು ಓದದಿದ್ದರೇನಂತೆ, ನಾವು ಓದೋಣ.

"ಸಾರ್, ಮೂಲೆ ಲ್ಯಾಬಿನಲ್ಲಿ ರಕ್ತ ಕೊಡಬೇಡಿ ಅಂತ ಎಲ್ಲರಿಗೂ ತಿಳಿಸಿ. ಸಕ್ಕರೆ ನೋಡುವ ಮಿಷಿನ್ ಕೆಟ್ಟು ತುಂಬಾ ಕಾಲ ಆಯ್ತು. ರಿಪೇರಿ ಮಾಡಿಸ್ತಿಲ್ಲ. ತೆಗೆದ ರಕ್ತ ಸಿಂಕಿಗೆ ಹೋಗುತ್ತೆ. ಹಳೇ ರಿಪೋರ್ಟಿನ ಅಂಕಿಗಳನ್ನೇ ಸ್ವಲ್ಪ ಆಚೀಚೆ ಮಾಡಿ ಟೈಪ್ ಮಾಡಿಸ್ತಾರೆ. ನಾನೂ ಮಾಡಿದ್ದೀನಿ. ನಿದ್ದೆ ಬರಲ್ಲ ಸಾರ್."

ಎರಡನೆಯ ಸಲ ಅದೇ ಬರಹ ಬಂತು. ಅದೂ ಕಸಕ್ಕೆ. ಮೂರನೆಯದು ಗುಂಪಿಗಲ್ಲ, ಸಾಹೇಬರ ಸ್ವಂತ ಇಮೇಲಿಗೇ ಬಂತು. ಆ ಮೆರವಣಿಗೆಯಂಥ ವಿಳಾಸವನ್ನು ಒಂದಕ್ಷರ ತಪ್ಪದೆ ಬೆರಳಚ್ಚು ಮಾಡಲು ಆ ಜೀವ ಎಷ್ಟು ಕಷ್ಟಪಟ್ಟಿರಬೇಕು!

"ಸಾರ್, ಇದು ನಿಮಗೆ ಮಾತ್ರ. ನೀವು ಹೆಸರು, ಮನೆ ನಂಬರು ಎಲ್ಲಾ ಬರೀತೀರಲ್ಲ, ಅದರಿಂದಲೇ ನಿಮ್ಮ ಮನೆಯವರು ಬಂದಾಗ ನನಗೆ ಗುರುತು ಸಿಕ್ಕಿತು. ಅವರ ಕಾಲಿನ ಗಾಯ ನೋಡಿದೆ. ಸಕ್ಕರೆ ಕಾಯಿಲೆಯವರ ಗಾಯದ ಹಾಗೇ ಇದೆ. ಅವರ ರಕ್ತ ಪರೀಕ್ಷೆ ಆಗಿಲ್ಲ. ರಿಪೋರ್ಟ್ ಸುಳ್ಳು. ಬೇರೆ ಕಡೆ ತೋರಿಸಿ, ತಡ ಮಾಡಬೇಡಿ. ಹೆಸರು ಹಾಕಿದರೆ ಕೆಲಸ ಹೋಗುತ್ತೆ, ನಮ್ಮ ಮನೆ ನಡೆಯೋದೇ ಇದರಿಂದ. ಕ್ಷಮಿಸಿ. ಸೂಜಿ."

ನೋಡಿ, ಸಾಹೇಬರು ಊರಿಗೆಲ್ಲ ಹಂಚಿದ ಹೆಸರು ವಿಳಾಸದಿಂದ ಇಷ್ಟು ಕಾಲದಲ್ಲಿ ಆದ ಒಂದೇ ಒಂದು ಉಪಕಾರ ಅದು. ರಾಜಕುಮಾರಿಗೂ ಲಾಟರಿಯವನಿಗೂ ಉತ್ತರ ಬರೆದ ಮಹಾನುಭಾವರು ಇದರ ಅಡಿಯನ್ನು ನೋಡಿದರು, ಮೂಗು ಮುರಿದರು. ಆದರೂ ಮನೆಗೆ ಬಂದ ಕಾಗದವಲ್ಲವೇ ಎಂದು ದೊಡ್ಡ ಮನಸ್ಸು ಮಾಡಿ ಎರಡು ಸಾಲು ಬರೆದರು: "ತಮ್ಮ ಪತ್ರ ಅಪೂರ್ಣ. ನಿಜವಾದ ಹೆಸರು, ಪೂರ್ತಿ ವಿಳಾಸದೊಂದಿಗೆ ಮತ್ತೆ ಸಲ್ಲಿಸತಕ್ಕದ್ದು." ಅದರ ಕೆಳಗೆ ಏಳು ಸಾಲು. ಆಮೇಲೆ ಸೂಜಿಯನ್ನು ಅಳಿಸಿ, ಕೈ ಒರೆಸಿಕೊಂಡು, ಊಟಕ್ಕೆ ಎದ್ದರು. ಸೂಜಿ ಮತ್ತೆ ಬರೆಯಲಿಲ್ಲ.

ಬೆರಳು ಮೊದಲು ಕೆಂಪಾಯಿತು, ಆಮೇಲೆ ನೀಲಿಯಾಯಿತು. ಆಕೆ ಬಟ್ಟೆ ಸುತ್ತಿಕೊಂಡು ಓಡಾಡಿದಳು. ಬೇರೆ ಡಾಕ್ಟರಿಗೆ ತೋರಿಸೋಣವೆಂದು ಆಕೆ ಅಂದಾಗಲೆಲ್ಲ ಸಾಹೇಬರು ವರದಿಯನ್ನು ಎತ್ತಿ ಹಿಡಿದರು. ಅಷ್ಟು ದೊಡ್ಡ ತಜ್ಞರು ಸಹಿ ಹಾಕಿ ಕೊಟ್ಟಿರುವಾಗ ನಂಬದಿರುವುದು ಅವರಿಗೆ ಮಾಡುವ ಅವಮಾನವಂತೆ! ಒಂದು ಬೆಳಿಗ್ಗೆ ಆಕೆ ಬಚ್ಚಲಿನಿಂದ ಹೊರಗೆ ಬರಲಿಲ್ಲ. ಸಾಹೇಬರು ಬಾಗಿಲು ತಳ್ಳಿ ನೋಡಿದಾಗ ಗೋಡೆಗೊರಗಿ ಕುಸಿದಿದ್ದಳು. ಮೈ ಕೆಂಡದಂತೆ ಸುಡುತ್ತಿತ್ತು. ಸಾಹೇಬರು ಬರಿಗಾಲಲ್ಲೇ ಬೀದಿಗೆ ಓಡಿ ಕೂಗಿಕೊಂಡರು. ಔಷಧಿ ಅಂಗಡಿಯವರೇ ತಮ್ಮ ಕಾರಿನಲ್ಲಿ ಹಾಕಿಕೊಂಡು ದೊಡ್ಡ ಆಸ್ಪತ್ರೆಗೆ ಓಡಿಸಿದರು.

ಅಲ್ಲಿದ್ದ ಶಸ್ತ್ರಚಿಕಿತ್ಸೆಯ ಡಾಕ್ಟರಮ್ಮ ಬಟ್ಟೆ ಬಿಚ್ಚಿ ನೋಡಿ, ರಕ್ತ ತೆಗೆಸಿದರು. ಸ್ವಲ್ಪ ಹೊತ್ತಿನಲ್ಲಿ ಹೊರಗೆ ಬಂದು ಕೇಳಿದರು: "ಸಕ್ಕರೆ ಇಷ್ಟು ಏರೋವರೆಗೂ ಏನ್ ಮಾಡ್ತಿದ್ರಿ?"

ಸಾಹೇಬರು ವರದಿಯನ್ನು ಎರಡು ಕೈಯಲ್ಲಿ ಕೊಟ್ಟರು. "ಸರಿಯಾಗಿದೆ ಅಂತ ಬರ್ದಿದೆ ಡಾಕ್ಟ್ರೇ. ಕೆಳಗೆ ನೋಡಿ, ಸಹಿ ಇದೆ, ನೋಂದಣಿ ಸಂಖ್ಯೆ ಇದೆ..."

ಡಾಕ್ಟರಮ್ಮ ಕೆಳಗೆ ನೋಡಿದರು. "ಇವರು ನನಗೆ ಪಾಠ ಮಾಡಿದ ಮೇಷ್ಟ್ರು. ತೀರಿಹೋಗಿ ಬಹಳ ಕಾಲ ಆಯ್ತು. ಈಗ ಲ್ಯಾಬಿನಲ್ಲಿ ಸಹಿ ಹಾಕ್ತಿದಾರಾ?" ಅವರು ನಗಲಿಲ್ಲ. "ಎರಡು ಬೆರಳು ತೆಗೀಬೇಕು. ಇನ್ನೂ ತಡ ಆಗಿದ್ರೆ ಪಾದವೇ ಹೋಗ್ತಿತ್ತು. ಇಲ್ಲಿ ಸಹಿ ಮಾಡಿ."

ಜೀವಮಾನವೆಲ್ಲ ಸಹಿಯ ಮೇಲೆ ಬದುಕಿದ ಮನುಷ್ಯನಿಗೆ ಅಂದು ಸಹಿ ಬರಲಿಲ್ಲ. ಬರೀ ಹೆಸರು ಗೀಚಿ ಕೊಟ್ಟರು.

ಆಪರೇಷನ್ ಕೋಣೆಯ ಹೊರಗಿನ ಬೆಂಚಿನಲ್ಲಿ ಕುಳಿತು ಸಾಹೇಬರು ಫೋನಿನಲ್ಲಿ ಕಸದ ಬುಟ್ಟಿ ತೆರೆದರು. ಕಚೇರಿಯ ಬುಟ್ಟಿಯಂತಲ್ಲ ಇದು, ಎಸೆದದ್ದು ಕೆಲಕಾಲ ಹಾಗೇ ಬಿದ್ದಿರುತ್ತದೆ. ಸೂಜಿಯ ಮೂರೂ ಕಾಗದಗಳನ್ನು ಹುಡುಕಿ ಓದಿದರು. ಮೊದಲ ಸಲ ಮೇಲಿನಿಂದ ಕೆಳಕ್ಕೆ. ಓದಿ ಮುಗಿಸಿ ಮತ್ತೆ ಓದಿದರು. ನಾಚಿಕೆಯಾಯಿತು, ಬರೀ ನಾಚಿಕೆಯಲ್ಲ, ತಮ್ಮ ಕೆನ್ನೆಗೆ ತಾವೇ ಹೊಡೆದುಕೊಳ್ಳುವಷ್ಟು ಅಸಹ್ಯವಾಯಿತು. ಅಳು ಬಂದು, ಆಸ್ಪತ್ರೆಯ ಗೋಡೆಯ ಕಡೆ ಮುಖ ಮಾಡಿಕೊಂಡರು.

ಹೆಂಡತಿ ಚೇತರಿಸಿಕೊಳ್ಳುತ್ತಿರುವಾಗ ಒಂದು ದಿನ ಮನೆಗೆ ಬಟ್ಟೆ ತರಲು ಹೋದವರು, ಲ್ಯಾಬನ್ನು ಹೊಗಳಿದ ಮೊದಲನೆಯ ಸಭ್ಯ ನಾಗರಿಕನ ಮನೆ ಹುಡುಕಿದರು. ಆ ನಂಬರಿನಲ್ಲಿ ವಿದ್ಯುತ್ ಟ್ರಾನ್ಸ್‌ಫಾರ್ಮರ್ ನಿಂತಿತ್ತು. ಎರಡನೆಯವರ ಮನೆಯಿದ್ದ ಕಡೆ ಸಾರ್ವಜನಿಕ ಶೌಚಾಲಯ. ಮೂರನೆಯವರನ್ನು ಹುಡುಕುವ ಗೋಜಿಗೆ ಹೋಗಲಿಲ್ಲ.

ಹಾಗಂತ ಹುಟ್ಟುಗುಣ ಅಷ್ಟು ಸುಲಭಕ್ಕೆ ಬಿಟ್ಟೀತೇ? ಆಸ್ಪತ್ರೆಗೆ ವಾಪಸು ಬಂದವರು ಹೆಂಡತಿಗೆ ಎಲ್ಲವನ್ನೂ ಓದಿ ಹೇಳಿ, ಆವೇಶದಿಂದ ಎದ್ದು ನಿಂತರು. "ಆ ಹುಡುಗಿಗೆ ಬರೀತೀನಿ. ಹೆಸರು, ವಿಳಾಸ ಕೊಟ್ಟು ಮುಂದೆ ಬರಲಿ. ಸಾಕ್ಷಿ ಹೇಳಲಿ. ಲ್ಯಾಬಿಗೆ ಬೀಗ ಹಾಕಿಸ್ತೀನಿ."

ಹೆಂಡತಿ ದಿಂಬಿನ ಮೇಲೆ ತಲೆ ಹೊರಳಿಸಿ ನೋಡಿದಳು. "ನನ್ನ ಬೆರಳು ತೆಗೆಸಿದ್ದು ಸಾಲದು ಅಂತ ಅವಳ ಅನ್ನಾನೂ ತೆಗೆಸ್ತೀರಾ?"

"ಮತ್ತೆ ಹೆಸರಿಲ್ದೆ ಹೇಗೆ..."

"ನಿಮ್ಮ ಹೆಸರು ಅಷ್ಟುದ್ದ ಇದೆಯಲ್ಲ. ಅದನ್ನೇ ಹಾಕಿ."

ಸಾಹೇಬರು ಫೋನು ತೆಗೆದರು. ಕುರ್ಚಿ ಎಳೆದುಕೊಂಡು ಕುಳಿತು ಸೂಜಿಯ ಕಾಗದದಲ್ಲಿದ್ದದ್ದನ್ನೆಲ್ಲ ತಮ್ಮ ಮಾತಿನಲ್ಲಿ ಬರೆದರು. ಮಿಷಿನ್ನು, ಸಿಂಕು, ಹಳೆಯ ಅಂಕಿ, ತೀರಿಹೋದವರ ಸಹಿ, ಹೆಂಡತಿಯ ಬೆರಳು. ಎಲ್ಲಿಯೂ ಸೂಜಿಯ ಸುಳಿವಿರಲಿಲ್ಲ. ಕೆಳಗೆ ಏಳು ಸಾಲು ಹಾಕಿ, ಗುಂಪಿಗೆ ಬಿಟ್ಟರು.

ಗುಂಪಿನ ಸಭ್ಯ ಜನ ಏನು ಮಾಡಿದರು ಎನ್ನುತ್ತೀರಾ? ಮುಗಿದ ಕೈಗಳ ಚಿತ್ರ ಕಳಿಸಿದರು. ಬೇಗ ಗುಣಮುಖರಾಗಲಿ ಎಂದು ಹೂಗಳನ್ನು ಕಳಿಸಿದರು. ಲ್ಯಾಬಿನ ಬಗ್ಗೆ ಒಬ್ಬನಾದರೂ ತುಟಿಪಿಟಕ್ಕೆನ್ನಲಿಲ್ಲ. ಎಲ್ಲರ ಹೆಸರೂ ನಿಜವಾದದ್ದೇ ಆಗಿತ್ತಲ್ಲ!

ಹೆಂಡತಿ ಮನೆಗೆ ಬಂದ ವಾರದಲ್ಲೇ ಲ್ಯಾಬಿನ ಮಾಲೀಕ ಬಂದ. ಜೊತೆಗೆ ಕಂಕುಳಲ್ಲಿ ಫೈಲು ಇಟ್ಟುಕೊಂಡ ಒಬ್ಬ ವಕೀಲ.

"ಮನೆ ಹುಡುಕೋದು ಏನೂ ಕಷ್ಟ ಆಗ್ಲಿಲ್ಲ ಸಾರ್" ಎಂದು ಮಾಲೀಕ ಹಲ್ಲು ಬಿಟ್ಟ. "ಎಲ್ಲಾ ಬರ್ದಿದೀರಲ್ಲ."

ಸಾಹೇಬರು ಕುಳಿತುಕೊಳ್ಳಲು ಹೇಳಿದರು. ಹೆಂಡತಿ ಪಕ್ಕದ ಮಂಚದಲ್ಲಿ ಪಟ್ಟಿ ಕಟ್ಟಿದ ಕಾಲನ್ನು ದಿಂಬಿನ ಮೇಲಿಟ್ಟುಕೊಂಡು ನೋಡುತ್ತಿದ್ದಳು.

"ಮಿಷಿನ್ ಕೆಟ್ಟಿರೋದು, ಸಿಂಕಿಗೆ ಸುರಿಯೋದು, ಇದೆಲ್ಲ ಒಳಗಿನೋರು ಹೇಳ್ದೆ ನಿಮಗೆ ಗೊತ್ತಾಗೋ ಮಾತಲ್ಲ" ಎಂದ ಮಾಲೀಕ.

"ಅಂದ್ರೆ ಕೆಟ್ಟಿರೋದು ನಿಜ ಅಂತಾಯ್ತು" ಎಂದಳು ಮಂಚದಿಂದ ಹೆಂಡತಿ.

ಮಾಲೀಕ ಕೇಳಿಸದವನಂತೆ ಮುಂದುವರಿದ. "ಮೂರು ಹುಡುಗೀರಿದಾರೆ ನನ್ನ ಹತ್ರ. ಯಾವಳು ಅಂತ ಗೊತ್ತಾಗ್ಬೇಕು, ಅಷ್ಟೇ. ಗುಂಪಿನ ಯಜಮಾನರು ನೀವು, ಬರೆದೋರ ಇಮೇಲ್ ನಿಮ್ಮ ಹತ್ರ ಇರುತ್ತೆ. ಅದೊಂದು ಕೊಟ್ಬಿಡಿ, ಕೇಸು ಗೀಸು ಏನೂ ಬೇಡ. ಕೊಡ್ಲಿಲ್ಲ ಅಂದ್ರೆ ಮಾನನಷ್ಟದ ಕೇಸಿಗೆ ನಿಮ್ಮ ಕಡೆಯ ದಿನಗಳೆಲ್ಲ ಕೋರ್ಟಿನಲ್ಲೇ ಕಳೀಬೇಕಾಗುತ್ತೆ. ನೀವೇ ಬರ್ದಿದೀರಲ್ಲ ಸಾರ್, ಹೆಸರು ಹೇಳೋಕೆ ಹೆದರೋನು ಹೇಡಿ ಅಂತ. ಆ ಹೇಡಿ ಹೆಸರು ಹೇಳಿ."

ಕೋರ್ಟಿನ ಹೆಸರೆತ್ತಿದರೆ ನಡುಗುವ ಜೀವ ಸಾಹೇಬರದು. ಫೋನು ಜೇಬಿನಲ್ಲೇ ಇತ್ತು. ಒಂದು ಸಲ ಬೆರಳಾಡಿಸಿದರೆ ಮುಗಿಯಿತು, ಬಂದವರು ಕಾಫಿ ಕುಡಿದು ಹೋಗುತ್ತಿದ್ದರು.

"ಯಾರೂ ಬರ್ದಿಲ್ಲ" ಎಂದರು. "ನಾನೇ ಕಣ್ಣಾರೆ ನೋಡಿದ್ದು."

"ನೀವಾ? ಎಲ್ಲಿಂದ ನೋಡಿದ್ರಿ?"

"ಇವಳ ರಕ್ತ ತೆಗೀತಿದ್ರಲ್ಲ, ಆಗ ಬಾತ್‌ರೂಮ್ ಹುಡುಕ್ಕೊಂಡು ಒಳಗೆ ಬಂದೆ. ದಾರಿ ತಪ್ತು. ಸಿಂಕಿನ ಹತ್ರ ನಿಂತೆ."

"ಯಾವತ್ತು? ಎಷ್ಟು ಹೊತ್ತಿಗೆ?" ವಕೀಲ ಬಾಯಿ ಹಾಕಿದ.

"ಬಾತ್‌ರೂಮಿಗೆ ಹೋದ ತಾರೀಕು ಬರೆದಿಟ್ಕೊಳ್ಳೋ ವಯಸ್ಸಲ್ಲ ಸ್ವಾಮಿ ನಂದು." ಸಾಹೇಬರ ಧ್ವನಿ ಗಟ್ಟಿಯಾಯಿತು. "ಮಿಷಿನ್ ಮೇಲೆ ಧೂಳು ಕೂತಿತ್ತು. ಪ್ಲಗ್ ಕಿತ್ತಿತ್ತು. ಅದರ ಮೇಲೆ ಯಾರೋ ಛತ್ರಿ ಒಣಗ್ಹಾಕಿದ್ರು."

ಮಾಲೀಕನ ಮುಖ ಬಿಳಿಚಿಕೊಂಡಿತು. ಛತ್ರಿ ನಿಜವಾಗಿಯೂ ಅವನದೇ ಇರಬೇಕು.

"ಬರ್ಕೊಳ್ಳಿ ವಕೀಲ್ರೇ. ಕೇಸು ಹಾಕೋದಾದ್ರೆ ನನ್ನ ಹೆಸರಿಗೇ ಹಾಕಿ. ನೋಟೀಸು ಇಮೇಲಿಗೂ ಕಳಿಸಿ. ನಿಧಾನಕ್ಕೆ ಹೇಳ್ತೀನಿ, ತಪ್ಪು ಮಾಡ್ಬೇಡಿ" ಎಂದು ತಮ್ಮ ವಿಳಾಸದ ಮೆರವಣಿಗೆ ಹೊರಡಿಸಿದರು. ಅಪ್ಪನ ಹೆಸರು ದಾಟುವಷ್ಟರಲ್ಲಿ ವಕೀಲ ಪೆನ್ನು ಮುಚ್ಚಿದ. ಇಬ್ಬರೂ ಗೊಣಗುತ್ತ ಎದ್ದುಹೋದರು. ಚಪ್ಪಲಿ ಮೆಟ್ಟುವಾಗ ಮಾಲೀಕ, "ನೋಡ್ಕೋತೀನಿ" ಎಂದದ್ದು ಬಾಗಿಲಾಚೆಯಿಂದ ಕೇಳಿಸಿತು.

ಸಾಹೇಬರು ಫೋನು ತೆಗೆದು, ಗುಂಪಿನ ಸದಸ್ಯರಲ್ಲಿ ಸೂಜಿಯನ್ನು ಹುಡುಕಿ, ಇಮೇಲ್ ಸಮೇತ, ಬುಟ್ಟಿಯಲ್ಲಿದ್ದ ಮೂರು ಕಾಗದಗಳ ಸಮೇತ ಅಳಿಸಿಹಾಕಿದರು. ಆ ಇಮೇಲಿನಲ್ಲಿ ಏನು ಹೆಸರಿತ್ತೆಂದು ನೋಡಲಿಲ್ಲ. ಆಮೇಲೆ ಮಂಚದ ಅಂಚಿಗೆ ಬಂದು ಕುಳಿತು, ಏನೋ ದೊಡ್ಡದನ್ನು ಸಾಧಿಸಿದವರಂತೆ ಹೆಂಡತಿಯ ಮುಖ ನೋಡಿದರು.

ಆಕೆ ಕಾಲಿನ ಪಟ್ಟಿಯನ್ನು ಸರಿಮಾಡಿಕೊಂಡು ಹೇಳಿದಳು: "ಚೆನ್ನಾಗಿ ಹೇಳಿದ್ರಿ. ಆದ್ರೆ ಈ ಬುದ್ಧಿ ಎರಡು ಬೆರಳು ಮುಂಚೆ ಬರ್ಬೇಕಿತ್ತು ರೀ."